ಗಾಂಧೀಜಿ ನಮ್ಮೂರಿಗೆ ಬಂದಿದ್ದರು

ಕರ್ನಾಟಕದ ಅನೇಕ ಊರುಗಳ ಹಳೆಯ ಮನೆಗಳಲ್ಲಿ ಒಂದು ಮಾತು ಅಜ್ಜನಿಂದ ಮೊಮ್ಮಗನಿಗೆ ನಡೆದುಬಂದಿದೆ. ‘ನಮ್ಮಜ್ಜ ಗಾಂಧೀಜಿಯನ್ನು ಕಣ್ಣಾರೆ ಕಂಡಿದ್ದರು’ ಎಂಬುದೇ ಆ ಮಾತು. ಒಂದು ಮನೆಯಲ್ಲಿ ಅಜ್ಜ ಮಹಾತ್ಮರ ಪಾದ ಮುಟ್ಟಿದ್ದರೆ, ಇನ್ನೊಂದು ಮನೆಯಲ್ಲಿ ಅಜ್ಜಿ ಕೈಬಳೆ ಬಿಚ್ಚಿ ಕೊಟ್ಟಿರುತ್ತಾಳೆ. ಮಗದೊಂದು ಮನೆಯವರು ಆಡಿನ ಹಾಲು ಕಾಸಿ ಕಳುಹಿಸಿರುತ್ತಾರೆ. ಮನೆಯ ಕಿರಿಯರು ಇದನ್ನು ಎಷ್ಟೋ ಸಲ ಕೇಳಿದ್ದಾರೆ. ಕೆಲವರು ನಂಬುತ್ತಾರೆ, ಕೆಲವರು ನಕ್ಕು ಸುಮ್ಮನಾಗುತ್ತಾರೆ.

ಇಂಥ ಕಥೆಗಳನ್ನು ಚರಿತ್ರೆ ಎನ್ನಬಹುದೇ? ದೊಡ್ಡವರೊಬ್ಬರು ಊರಿನ ಮೂಲಕ ಹಾದುಹೋದಾಗ ದಾರಿಬದಿಯಲ್ಲಿ ನಿಂತಿದ್ದವರ ನೆನಪಿಗೆ ಏನು ಬೆಲೆ? ಗಾಂಧೀಜಿಯವರ ವಿಷಯದಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಕೇಳಬಹುದು. ಏಕೆಂದರೆ ಅವರ ಬದುಕಿನ ಬಹುಪಾಲು ದಿನಗಳಿಗೆ ಲೆಕ್ಕವಿದೆ. ಅವರ ಬರಹ, ಭಾಷಣ, ಪತ್ರಗಳ ಸಮಗ್ರ ಸಂಪುಟಗಳು 1958ರಿಂದ 1994ರವರೆಗೆ ಇಂಗ್ಲಿಷಿನಲ್ಲಿ ನೂರು ಬಂದಿವೆ. ಯಾವ ತಾರೀಖು ಯಾವ ಊರಿನಲ್ಲಿದ್ದರು ಎಂಬುದನ್ನು ಅವುಗಳಿಂದ ಬಹುಮಟ್ಟಿಗೆ ತಿಳಿಯಬಹುದು. ಮನೆಮಾತನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲು ಸಿಗಲಾರದು.

ತಾರೀಖಿನ ಪರೀಕ್ಷೆ

ಗಾಂಧೀಜಿ ಬೆಂಗಳೂರಿಗೆ ಬಂದದ್ದು 1915ರ ಮೇ 8ರಂದು. ದಕ್ಷಿಣ ಆಫ್ರಿಕಾದಿಂದ ಮರಳಿ ನಾಲ್ಕು ತಿಂಗಳಾಗಿತ್ತಷ್ಟೆ. ಗೋಪಾಲಕೃಷ್ಣ ಗೋಖಲೆಯವರ ಭಾವಚಿತ್ರದ ಅನಾವರಣಕ್ಕೆಂದು ಬಂದಿದ್ದರು. 1920ರ ಆಗಸ್ಟ್ 19ರಂದು ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದರು. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದು ಅದೊಂದೇ ಸಲ. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿಬೆಟ್ಟದಲ್ಲೂ ಬೆಂಗಳೂರಿನ ಕುಮಾರಪಾರ್ಕಿನಲ್ಲೂ ತಿಂಗಳುಗಟ್ಟಲೆ ಉಳಿದರು. 1934ರ ಜನವರಿಯಲ್ಲಿ ಮೈಸೂರು ಸಂಸ್ಥಾನದಲ್ಲಿ, ಫೆಬ್ರುವರಿ-ಮಾರ್ಚಿನಲ್ಲಿ ಕೊಡಗು, ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ ಹರಿಜನ ಪ್ರವಾಸ ಮಾಡಿದರು. 1936ರ ಮೇ ತಿಂಗಳಲ್ಲಿ ಮತ್ತೆ ನಂದಿಬೆಟ್ಟಕ್ಕೆ ಬಂದರು. 1937ರ ಏಪ್ರಿಲಿನಲ್ಲಿ ಬೆಳಗಾವಿ ಜಿಲ್ಲೆಯ ಹುದಲಿಗೆ ಬಂದದ್ದೇ ಕರ್ನಾಟಕಕ್ಕೆ ಅವರ ಕೊನೆಯ ಪ್ರವಾಸ. ಇವಲ್ಲದೆ ಸಣ್ಣಪುಟ್ಟ ಭೇಟಿಗಳೂ ಉಂಟು.

ಹೀಗಾಗಿ ಯಾರಾದರೂ ‘1932ರಲ್ಲಿ ಗಾಂಧೀಜಿ ನಮ್ಮ ಮನೆಯಲ್ಲಿ ತಂಗಿದ್ದರು’ ಎಂದರೆ ಅದು ಆಗದ ಮಾತು. ಆ ವರ್ಷದ ಜನವರಿ 4ರಂದು ಬಂಧಿತರಾದ ಅವರು 1933ರ ಮೇ ತಿಂಗಳವರೆಗೆ ಯರವಡಾ ಜೈಲಿನಲ್ಲಿದ್ದರು. ‘ಚಲೇಜಾವ್ ಚಳವಳಿ ಜೋರಾಗಿದ್ದಾಗ ಬಂದಿದ್ದರು’ ಎಂಬುದೂ ಹಾಗೆಯೇ. 1942ರ ಆಗಸ್ಟ್ 9ರಿಂದ 1944ರ ಮೇ 6ರವರೆಗೆ ಅವರು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಗಳು.

ತಾರೀಖಷ್ಟೇ ಅಲ್ಲ, ಉಡುಪೂ ಸಾಕ್ಷಿ ಹೇಳುತ್ತದೆ. ಬರಿಮೈಗೆ ತುಂಡು ಪಂಚೆಯ ಗಾಂಧಿ ನಮ್ಮೆಲ್ಲರ ಕಣ್ಣಲ್ಲಿ ನಿಂತಿದ್ದಾರೆ. ಆದರೆ ಅವರು ಆ ಉಡುಪು ತೊಟ್ಟದ್ದು 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ. 1915ರಲ್ಲಿ ಅವರು ತಲೆಗೆ ಕಾಠಿಯಾವಾಡಿ ರುಮಾಲು ಸುತ್ತುತ್ತಿದ್ದರು. ಆಡಿನ ಹಾಲು ಕುಡಿಯಲು ಒಪ್ಪಿದ್ದು 1919ರ ಕಾಯಿಲೆಯಲ್ಲಿ. ಅದಕ್ಕೆ ಮುಂಚೆ ಹಾಲನ್ನೇ ಬಿಟ್ಟಿದ್ದರು. ಆದ್ದರಿಂದ 1915ರ ಬೆಂಗಳೂರಿನಲ್ಲಿ ಅವರಿಗೆ ಆಡಿನ ಹಾಲು ಕೊಟ್ಟೆವೆಂಬ ಕಥೆ ನಿಲ್ಲಲಾರದು.

ಹಾಗೆಂದು ಅಜ್ಜ-ಅಜ್ಜಿಯರು ಸುಳ್ಳು ಹೇಳಿದರು ಎನ್ನುವಂತಿಲ್ಲ. ಅವರು ಕಾಲವನ್ನು ಅಳೆದದ್ದು ಇಸವಿಯಿಂದಲ್ಲ. ‘ಪ್ಲೇಗಿನ ವರ್ಷ’, ‘ದೊಡ್ಡಣ್ಣನ ಮದುವೆಯಾದ ವರ್ಷ’ ಎಂದೇ ಅವರ ಲೆಕ್ಕ. ಇಸವಿ ಸೇರಿಸಿದವರು ಮುಂದೆ ಶಾಲೆ ಕಲಿತ ಮಕ್ಕಳು. ಎರಡು ಸಲ ಕಂಡದ್ದು ಒಂದಾಗಿ ಬೆಸೆದುಕೊಂಡಿರಬಹುದು. ಆಮೇಲೆ ನೋಡಿದ ಚಿತ್ರಪಟದ ಗಾಂಧಿ ಮೊದಲು ಕಂಡ ಗಾಂಧಿಯ ಜಾಗದಲ್ಲಿ ಕುಳಿತಿರಬಹುದು.

ದರ್ಶನದ ಹಂಬಲ

ಗಾಂಧೀಜಿಗೆ ಈ ಕೀರ್ತಿಯ ಬಿಸಿ ಬಹಳ ಬೇಗ ತಟ್ಟಿತು. 1915ರಲ್ಲಿ ಬೆಂಗಳೂರಿನ ಜನ ಅವರ ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆಯಲು ಮುಂದಾದರು. ಅಂದಿನ ಕಾಲಕ್ಕೆ ಅದು ದೊಡ್ಡ ಮರ್ಯಾದೆ. ಗಾಂಧೀಜಿ ಒಪ್ಪಲಿಲ್ಲ. ಸಾರ್ವಜನಿಕ ಕೆಲಸ ಮಾಡುವವರನ್ನು ಹೀಗೆ ಎಳೆದು ಕೆಡಿಸಬೇಡಿ ಎಂಬ ಅರ್ಥದ ಮಾತನ್ನು ಆ ದಿನದ ಭಾಷಣದಲ್ಲೇ ಹೇಳಿದರು.

ಆದರೆ ಜನ ಬಿಡಬೇಕಲ್ಲ! ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ನಡೆದದ್ದು ಇದಕ್ಕೆ ದೊಡ್ಡ ನಿದರ್ಶನ. 1921ರ ಫೆಬ್ರುವರಿ 8ರಂದು ಗಾಂಧೀಜಿ ಅಲ್ಲಿ ಇದ್ದದ್ದು ಒಂದು ದಿನಕ್ಕಿಂತ ಕಡಿಮೆ. ಸೇರಿದ್ದ ಜನ ಲಕ್ಷಕ್ಕೂ ಮಿಕ್ಕಿದ್ದರು. ಅವರು ಹೋದ ಮೇಲೆ ಸುತ್ತಲ ಹಳ್ಳಿಗಳಲ್ಲಿ ಪವಾಡದ ಕಥೆಗಳು ಹಬ್ಬಿದವು. ಗಾಂಧಿಗೆ ಹರಕೆ ಹೊತ್ತರೆ ಕಳೆದುಹೋದ ವಸ್ತು ಸಿಕ್ಕಿತಂತೆ, ಅವರನ್ನು ಹಳಿದವನಿಗೆ ಕೇಡಾಯಿತಂತೆ, ಬಾವಿಯಿಂದ ಹೊಗೆ ಎದ್ದಿತಂತೆ. ಈ ಸುದ್ದಿಗಳನ್ನು ಸ್ಥಳೀಯ ಪತ್ರಿಕೆಯೊಂದು ಅಚ್ಚು ಹಾಕಿತು. ಇತಿಹಾಸಕಾರ ಶಾಹಿದ್ ಅಮೀನ್ 1984ರಲ್ಲಿ ಇವನ್ನೆಲ್ಲ ಕಲೆಹಾಕಿ ಪ್ರಸಿದ್ಧ ಪ್ರಬಂಧವೊಂದನ್ನು ಬರೆದರು. ಪವಾಡ ನಿಜವೇ ಎಂದು ಅವರು ಕೇಳಲಿಲ್ಲ. ಅದನ್ನು ಹೇಳಿಕೊಂಡ ರೈತರು ಗಾಂಧಿಯಿಂದ ಏನನ್ನು ಬಯಸಿದ್ದರು ಎಂದು ಕೇಳಿದರು.

ಈ ಪ್ರಶ್ನೆ ಹುಡುಗಾಟದ್ದಲ್ಲ. ಮರುವರ್ಷದ ಫೆಬ್ರುವರಿಯಲ್ಲಿ ಅದೇ ಜಿಲ್ಲೆಯ ಚೌರಿಚೌರಾದಲ್ಲಿ ಗಾಂಧಿಗೆ ಜೈಕಾರ ಹಾಕುತ್ತಿದ್ದ ಗುಂಪೇ ಪೊಲೀಸ್ ಠಾಣೆಗೆ ಬೆಂಕಿಯಿಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿ ಅಸಹಕಾರ ಚಳವಳಿಯ ಮುಂದಿನ ಹೆಜ್ಜೆಯನ್ನೇ ನಿಲ್ಲಿಸಿದರು. 1923ರಲ್ಲಿ 19 ಮಂದಿ ಗಲ್ಲಿಗೇರಿದರು. ದೂರದಿಂದ ಕಂಡ ಒಬ್ಬ ಮನುಷ್ಯನನ್ನು ಜನ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಾಗ ಅದರ ಫಲ ಎಲ್ಲಿಗೂ ಹೋಗಬಹುದು.

ಹಸ್ತಾಕ್ಷರಕ್ಕೆ ಐದು ರೂಪಾಯಿ

1933ರ ನವೆಂಬರಿನಿಂದ 1934ರ ಆಗಸ್ಟ್‌ವರೆಗಿನ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಈ ದರ್ಶನದ ಹಂಬಲವನ್ನೇ ಕೆಲಸಕ್ಕೆ ಹಚ್ಚಿದರು. ಸುಮಾರು 12,500 ಮೈಲಿ ಸುತ್ತಿ, ಅಸ್ಪೃಶ್ಯತೆಯ ವಿರುದ್ಧ ಮಾತನಾಡುತ್ತ, ಸುಮಾರು 8 ಲಕ್ಷ ರೂಪಾಯಿ ನಿಧಿ ಕೂಡಿಸಿದರು. ಹಸ್ತಾಕ್ಷರ ಬೇಕೆಂದವರು ಐದು ರೂಪಾಯಿ ಕೊಡಬೇಕಿತ್ತು. ತಮಗೆ ಅರ್ಪಿಸಿದ ಮಾನಪತ್ರ ಮತ್ತು ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು.

ಜನವರಿಯಲ್ಲಿ ಮೈಸೂರು ಸಂಸ್ಥಾನದ ಪ್ರವಾಸ ಮುಗಿಸಿ ಅವರು ಮಲಬಾರಿಗೆ ಇಳಿದಾಗ, ವಡಗರದಲ್ಲಿ ಕೌಮುದಿ ಎಂಬ 16 ವರ್ಷದ ಹುಡುಗಿ ತನ್ನ ಬಳೆ, ಸರ, ಓಲೆಗಳನ್ನು ಒಂದೊಂದಾಗಿ ತೆಗೆದುಕೊಟ್ಟಳು. ತಂದೆ-ತಾಯಿಯ ಒಪ್ಪಿಗೆ ಇದೆಯೇ ಎಂದು ಗಾಂಧೀಜಿ ವಿಚಾರಿಸಿದರು. ಇವುಗಳ ಬದಲಿಗೆ ಹೊಸದನ್ನು ಮಾಡಿಸಿಕೊಳ್ಳುವುದಿಲ್ಲ ಎಂಬ ಮಾತು ಪಡೆದರು. ಆ ಪ್ರಸಂಗವನ್ನು ‘ಹರಿಜನ್’ ಪತ್ರಿಕೆಯಲ್ಲಿ ಬರೆದರು. ಹಾಗಾಗಿ ಕೌಮುದಿಯ ಹೆಸರು ಉಳಿಯಿತು.

ಮುಂದಿನ ತಿಂಗಳು ಮಡಿಕೇರಿಯಿಂದ ಘಟ್ಟ ಇಳಿದು ಪುತ್ತೂರಿನ ಮಾರ್ಗವಾಗಿ ಮಂಗಳೂರು, ಉಡುಪಿ, ಕುಂದಾಪುರಗಳಿಗೆ, ಅಲ್ಲಿಂದ ಕಾರವಾರ, ಶಿರಸಿ, ಹಾವೇರಿ, ಹುಬ್ಬಳ್ಳಿಗಳ ಕಡೆಗೆ ಗಾಂಧೀಜಿ ಹೋದರು. ಪುತ್ತೂರಿನ ಗಾಂಧಿಕಟ್ಟೆ ಆ ದಿನದ ಗುರುತು. ಈ ದಾರಿಯುದ್ದಕ್ಕೂ ಬಳೆ ಕೊಟ್ಟ ಹೆಂಗಸರೆಷ್ಟೋ. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಕೂಡಿದ ಮೊತ್ತದಲ್ಲಿ ಅವರ ಬಳೆ ಕರಗಿಹೋಯಿತು. ‘ನಮ್ಮಜ್ಜಿ ಬಳೆ ಕೊಟ್ಟಿದ್ದಳು’ ಎಂಬ ಮನೆಮಾತೇ ಅದಕ್ಕಿರುವ ರಸೀತಿ.

ಬೆಳಗಾವಿಯ ಹುಡುಗಿ

ದಾಖಲೆ ಬಿಟ್ಟದ್ದನ್ನು ನೆನಪು ಹೇಗೆ ಉಳಿಸುತ್ತದೆ ಎಂಬುದಕ್ಕೆ 1924ರ ಬೆಳಗಾವಿಗೆ ಹೋಗಬೇಕು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ‘ವಿಜಯನಗರ’ ಎಂಬ ಹೆಸರಿನ ತಾತ್ಕಾಲಿಕ ನಗರವೇ ಎದ್ದಿತ್ತು. ನೀರಿಗಾಗಿ ತೋಡಿದ ಬಾವಿ ‘ಕಾಂಗ್ರೆಸ್ ಬಾವಿ’ ಎಂದೇ ಹೆಸರಾಯಿತು. ಅಧ್ಯಕ್ಷ ಭಾಷಣದಲ್ಲಿ ಗಾಂಧೀಜಿ ಅಸ್ಪೃಶ್ಯತೆಯೂ ಸ್ವರಾಜ್ಯಕ್ಕೆ ಅಡ್ಡಿ ಎಂದರು. ಇದೆಲ್ಲ ಅಚ್ಚಾಗಿದೆ.

ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳು. ಮುಂದೆ ಕಿರಾನಾ ಘರಾಣೆಯ ಮಹಾನ್ ಗಾಯಕಿಯಾದ ಗಂಗೂಬಾಯಿ ಹಾನಗಲ್ ಅವರೇ ಆಕೆ. ಅಂದು ಆಕೆಗೆ ಯಾವ ಹೆಸರೂ ಇರಲಿಲ್ಲ. ಗಾಂಧೀಜಿಯ ಮುಂದೆ ಹಾಡಿದ ಆ ದಿನ ತಮಗಿದ್ದ ಅಂಜಿಕೆಯನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಅದು ಸಭೆಯ ಅಂಜಿಕೆಯಲ್ಲ. ತಾವು ಕೆಳಜಾತಿಯವರೆಂದು ಎಣಿಸಲ್ಪಟ್ಟವರಾದ್ದರಿಂದ, ಊಟವಾದ ಮೇಲೆ ಎಂಜಲು ತೆಗೆಯುವ ಕೆಲಸ ಎಲ್ಲಿ ಹೇಳಿಬಿಡುತ್ತಾರೋ ಎಂಬ ಅಂಜಿಕೆ.

ಅಧಿವೇಶನದ ವರದಿಯನ್ನು ಎಷ್ಟು ತಿರುವಿದರೂ ಆ ಹುಡುಗಿಯ ಮನಸ್ಸಿನಲ್ಲಿದ್ದ ಮಾತು ಸಿಗುವುದಿಲ್ಲ. ವೇದಿಕೆಯ ಮೇಲೆ ಅಸ್ಪೃಶ್ಯತೆಯ ವಿರುದ್ಧ ಭಾಷಣ, ಹಾಡುವ ಮಗುವಿನ ಎದೆಯಲ್ಲಿ ಊಟದ ಪಂಕ್ತಿಯ ಭಯ. ಎರಡೂ ಒಂದೇ ಜಾಗದ್ದು. ಆಕೆ ಮುಂದೆ ಹೆಸರುವಾಸಿಯಾದ್ದರಿಂದ ಮಾತ್ರ ನಮಗೆ ಈ ಎರಡನೆಯದು ತಿಳಿದಿದೆ. ಹೆಸರು ಮಾಡದೆ ಹೋದ ಮಕ್ಕಳೂ ಆ ಗುಂಪಿನಲ್ಲಿದ್ದರು. ಅವರು ಕಂಡದ್ದೇನು, ಅಂಜಿದ್ದೇಕೆ? ಅವರವರ ಮನೆಯಲ್ಲಿ ಯಾರಾದರೂ ಕೇಳಿದ್ದರೆ ಮಾತ್ರ ಅದು ಉಳಿದಿದ್ದೀತು.

ಯಾರು ಎಲ್ಲಿ ನಿಂತಿದ್ದರು?

ಆದ್ದರಿಂದ ಮನೆಯ ಕಥೆಯನ್ನು ಪೂರ್ತಿ ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಇಸವಿ, ಉಡುಪು, ಊರು ಇವನ್ನು ಸಂಪುಟಗಳ ಜೊತೆ ತಾಳೆ ನೋಡಬಹುದು. ತಪ್ಪಿದ್ದರೆ ತಿದ್ದಿಕೊಳ್ಳಬಹುದು. ಆದರೆ ಯಾವ ಸಂಪುಟವೂ ಹೇಳದ ಸಂಗತಿಗಳು ಬೇರೆ ಇವೆ. ಸಭೆಗೆ ಹೋಗಲು ಹೆಂಗಸರನ್ನು ಮನೆಯವರು ಬಿಟ್ಟರೇ? ದಲಿತ ಕೇರಿಯವರು ಸಭೆಯಲ್ಲಿ ಎಲ್ಲಿ ನಿಂತರು? ಬಳೆ ಕೊಟ್ಟು ಬಂದ ಸೊಸೆಗೆ ಅತ್ತೆ ಏನೆಂದಳು? ಗಾಂಧೀಜಿ ಹೋದ ಮಾರನೆಯ ದಿನ ಊರಿನ ಬಾವಿಯಲ್ಲಿ ನೀರು ಸೇದುವವರು ಬದಲಾದರೇ?

1934ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ 2024ಕ್ಕೆ ನೂರು ತುಂಬಿತು. ಕಣ್ಣಾರೆ ಕಂಡವರ ಬಾಯಿಂದ ಕೇಳುವ ಕಾಲ ಬಹುಮಟ್ಟಿಗೆ ಮುಗಿದಿದೆ. ಅವರಿಂದ ಕೇಳಿದ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರಿಗೂ ವಯಸ್ಸಾಗಿದೆ. ‘ನಮ್ಮಜ್ಜ ಗಾಂಧೀಜಿಯನ್ನು ಕಂಡಿದ್ದರು’ ಎಂದು ಯಾರಾದರೂ ಆರಂಭಿಸಿದಾಗ, ಗಾಂಧೀಜಿ ಏನು ಹೇಳಿದರು ಎಂದು ಕೇಳಬೇಕಾಗಿಲ್ಲ, ಅದು ಪುಸ್ತಕದಲ್ಲಿದೆ. ಅಜ್ಜ ಆಗ ಎಲ್ಲಿ ನಿಂತಿದ್ದರು, ಅವರ ಪಕ್ಕದಲ್ಲಿ ಯಾರಿದ್ದರು, ಯಾರು ಇರಲಿಲ್ಲ ಎಂದು ಕೇಳಿ ಬರೆದಿಡಬೇಕು.