ಕಾಲ್ನಡಿಗೆಯಲ್ಲಿ ಕಂಡ ಪುಣೆ

ಊರಿನಿಂದ ಬಂದ ನೆಂಟರಿಗೆ ಪುಣೆ ತೋರಿಸುವುದೆಂದರೆ ನಮ್ಮವರಲ್ಲಿ ಒಂದು ಪರಿಪಾಠವೇ ಬೆಳೆದುಬಿಟ್ಟಿದೆ. ಬೆಳಿಗ್ಗೆ ಶನಿವಾರವಾಡೆ, ಆಮೇಲೆ ಪರ್ವತಿ, ಸಂಜೆ ಲಕ್ಷ್ಮೀ ರಸ್ತೆಯಲ್ಲಿ ಸೀರೆ, ಹೊರಡುವ ಮುನ್ನ ಒಂದು ಪೊಟ್ಟಣ ಬಾಕರವಡಿ. ಆಟೋದಿಂದ ಇಳಿದು ಮತ್ತೆ ಹತ್ತುವಷ್ಟರಲ್ಲಿ ಪೇಶ್ವೆಯರ ಕಥೆ ಮುಗಿದಿರುತ್ತದೆ. ಪುಣೆಯ ಇತಿಹಾಸ ಪೇಶ್ವೆಯರಿಂದಲೇ ಆರಂಭವಾಯಿತು, ಅದರಲ್ಲಿ ಕನ್ನಡಿಗರಿಗೆ ಪ್ರೇಕ್ಷಕರ ಸ್ಥಾನ ಮಾತ್ರ ಎಂದು ನೆಂಟರೂ ತಿಳಿಯುತ್ತಾರೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ತಿಳಿಯುತ್ತಾರೆ. ಇವೆರಡೂ ನಿಜವಲ್ಲ. ಈಚೆಗೆ ಒಂದು ಭಾನುವಾರ ನಾವು ಗಂಡಹೆಂಡಿರಿಬ್ಬರೇ ಕಸಬಾ ಪೇಟೆಯಿಂದ ಹೊರಟು, ಮುಠಾ ನದಿಯನ್ನು ದಾಟಿ, ಫರ್ಗ್ಯುಸನ್ ಕಾಲೇಜಿನವರೆಗೆ ನಡೆದೆವು. ದಾರಿ ಮೂರು ಕಿಲೋಮೀಟರಿನ ಆಸುಪಾಸು. ನಾವು ತೆಗೆದುಕೊಂಡದ್ದು ಇಡೀ ದಿನ.

ಕಸಬಾ ಎಂದರೆ ಹಳೆಯ ಊರು. ಇಲ್ಲಿನ ಗಣಪತಿ ಪುಣೆಯ ಗ್ರಾಮದೇವತೆ. ಅನಂತ ಚತುರ್ದಶಿಯ ಮೆರವಣಿಗೆಯಲ್ಲಿ ಮೊದಲ ಮಾನ ಇವನದೇ. ಗುಡಿಯನ್ನು ಕಟ್ಟಿಸಿದವರು ಜೀಜಾಬಾಯಿ ಎಂದು ಪ್ರತೀತಿ. ಕೆಲವೇ ಹೆಜ್ಜೆಗಳ ದೂರದಲ್ಲಿ ಲಾಲ್ ಮಹಲ್. ಶಹಾಜಿ ರಾಜರು ಕಟ್ಟಿಸಿದ ಮೂಲ ಮನೆ ಎಂದೋ ನೆಲಸಮವಾಯಿತು. ನಾವು ಇಂದು ನೋಡುವುದು ಪುಣೆ ಮಹಾನಗರಪಾಲಿಕೆ ಕಟ್ಟಿಸಿ 1988ರಲ್ಲಿ ಪೂರ್ತಿಗೊಳಿಸಿದ ಕಟ್ಟಡ. ಬಾಲಕ ಶಿವಾಜಿ ಚಿನ್ನದ ನೇಗಿಲಿನಿಂದ ನೆಲ ಉಳುತ್ತಿರುವ ಶಿಲ್ಪವನ್ನು ಇಲ್ಲಿ ನಿಲ್ಲಿಸಿದ್ದಾರೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಏಕೆ ಉಳಬೇಕಾಯಿತೆಂದು ಕೇಳುವವರು ಕಡಿಮೆ.

1630ರ ಸುಮಾರಿಗೆ ಬಿಜಾಪುರದ ಆದಿಲಶಾಹಿಯ ಸರದಾರ ಮುರಾರ ಜಗದೇವನು ಪುಣೆಯನ್ನು ಸುಟ್ಟು, ಕೋಟೆಯನ್ನು ಕೆಡವಿಸಿದನು. ಇನ್ನು ಇಲ್ಲಿ ಯಾರೂ ನೆಲಸಬಾರದೆಂದು ಕತ್ತೆಗಳನ್ನು ಹೂಡಿ ನೆಲವನ್ನು ಉಳಿಸಿದನೆಂದು ಹೇಳಿಕೆ. ಆ ಶಾಪವನ್ನು ಕಳೆಯಲೆಂದೇ ಚಿನ್ನದ ನೇಗಿಲು. ಹಾಳುಮಾಡಿದ ಆಜ್ಞೆ ಬಂದದ್ದು ನಮ್ಮ ಗೋಲಗುಮ್ಮಟದ ಊರಿನಿಂದ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಕನ್ನಡ ನಾಡಿನಿಂದ ಪುಣೆಗೆ ಬಂದದ್ದೆಲ್ಲ ಹೂವಿನ ಹಾರವೇನೂ ಅಲ್ಲ.

ಆದರೆ ಅದೇ ಬಿಜಾಪುರದ ಸೇವೆಗೆ ಸೇರಿದ ಶಹಾಜಿ 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದ ದಂಡಿನಲ್ಲಿದ್ದರು. ಬಳಿಕ ಆ ಊರನ್ನೇ ತಮ್ಮ ನೆಲೆಯನ್ನಾಗಿ ಮಾಡಿಕೊಂಡರು. ಪುಣೆ ಅವರ ಜಹಗೀರು. ಅಲ್ಲಿ ಹೆಂಡತಿ, ಮಗ. ಆಡಳಿತ ದಾದಾಜಿ ಕೊಂಡದೇವರ ಕೈಯಲ್ಲಿ. ಯಜಮಾನರು ಮಾತ್ರ ಬೆಂಗಳೂರಿನಲ್ಲಿ. ವರ್ಗವಾಗಿ ದೂರದ ಊರಿಗೆ ಹೋದ ನೌಕರರ ಸಂಸಾರ ಹೇಗಿರುತ್ತದೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಶಹಾಜಿ 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಅವರ ಸಮಾಧಿ ಇರುವುದು ಮಹಾರಾಷ್ಟ್ರದಲ್ಲಲ್ಲ, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. "ಚನ್ನಗಿರಿಗೆ ಮದುವೆಗೆ ಹೋಗಿದ್ದಾಗ ಇದನ್ನು ಯಾರೂ ಹೇಳಲೇ ಇಲ್ಲವಲ್ರೀ" ಎಂದರು ನಮ್ಮ ಮನೆಯವರು.

ಶನಿವಾರವಾಡೆಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ದಾಟುತ್ತೇವೆ. ಒಂದನೆಯ ಬಾಜೀರಾಯನು 1730ರ ಜನವರಿ 10ರಂದು ತಳಪಾಯ ಹಾಕಿಸಿದ. ಖರ್ಚು 16,110 ರೂಪಾಯಿ ಎಂದು ಬರೆಯುತ್ತಾರೆ. ಆ ಕೊನೆಯ ಹತ್ತು ರೂಪಾಯಿಯನ್ನೂ ಬಿಡದೆ ಬರೆದಿಟ್ಟ ಗುಮಾಸ್ತನಿಗೆ ನಮ್ಮ ನಮಸ್ಕಾರ. 1828ರ ಬೆಂಕಿಯಲ್ಲಿ ಮಹಡಿಗಳೆಲ್ಲ ಸುಟ್ಟುಹೋಗಿ, ಗೋಡೆ, ಬುರುಜು, ಆನೆ ನುಗ್ಗದಂತೆ ಮೊಳೆ ಬಡಿದ ದಿಲ್ಲಿ ದರವಾಜೆ ಮಾತ್ರ ಉಳಿದಿವೆ. ನಾರಾಯಣರಾಯನ ಕೊಲೆಯ ಕಥೆಯನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಅವರು ಹೇಳದೆ ಬಿಡುವುದೆಂದರೆ, ಪುಣೆಯ ಪೇಶ್ವೆಯರ ದಂಡು ನಮ್ಮ ಊರುಗಳಿಗೂ ಬಂದಿತ್ತೆಂಬುದು. 1756ರಲ್ಲಿ ಸವಣೂರು, ಮುಂದಿನ ದಶಕದಲ್ಲಿ ಹೈದರಾಲಿಯ ಮೇಲೆ ಮಾಧವರಾಯನ ದಂಡಯಾತ್ರೆಗಳು, 1791ರಲ್ಲಿ ಧಾರವಾಡದ ಕೋಟೆ. 1817ರಲ್ಲಿ ವಾಡೆಯ ಮೇಲೆ ಇಂಗ್ಲಿಷರ ಬಾವುಟ ಏರಿದಾಗ ಧಾರವಾಡವೂ ಇಂಗ್ಲಿಷರ ಕೈಸೇರಿತು. ಎರಡು ಊರುಗಳೂ ಮುಂದೆ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿ, 1956ರವರೆಗೂ ಒಂದೇ ಸರ್ಕಾರದ ಕೆಳಗಿದ್ದವು.

ವಾಡೆಯ ಹತ್ತಿರದ ಶಿವಾಜಿ ಸೇತುವೆಯನ್ನು ಹಳಬರು ಈಗಲೂ 'ನವಾ ಪೂಲ್' ಎನ್ನುತ್ತಾರೆ. ಅದರ ಮೇಲೆ ನಿಂತು ಮುಠಾ ನದಿಯನ್ನು ನೋಡಿದರೆ ನದಿಯೆಂದು ಕರೆಯಲು ಸಂಕೋಚವಾಗುತ್ತದೆ. ಆದರೂ ಇದು ಮುಳಾ ನದಿಯನ್ನು ಕೂಡಿ, ಭೀಮೆಯನ್ನು ಸೇರಿ, ಪಂಢರಪುರವನ್ನು ಹಾದು ಗಾಣಗಾಪುರಕ್ಕೆ ಬರುತ್ತದೆ. ಕೊನೆಗೆ ರಾಯಚೂರಿನ ಕಡೆ ಕೃಷ್ಣೆಗೆ ಬೀಳುತ್ತದೆ. ಗಾಣಗಾಪುರದಲ್ಲಿ ಮುಳುಗು ಹಾಕುವ ನಮ್ಮ ಹಿರಿಯರಿಗೆ ಇದನ್ನು ತಿಳಿಸದಿರುವುದೇ ವಾಸಿ.

ಸೇತುವೆ ದಾಟಿ, ಪಾಲಿಕೆಯ ಕಚೇರಿಯನ್ನು ಹಾದು ಜಂಗಲಿ ಮಹಾರಾಜ ರಸ್ತೆಯಲ್ಲಿ ನಡೆದರೆ ಪಾತಾಳೇಶ್ವರ. ವರ್ಷಗಟ್ಟಲೆ ಈ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದವರಿಗೂ ಇದು ಕಣ್ಣಿಗೆ ಬಿದ್ದಿರಲಾರದು. ಏಕೆಂದರೆ ಗುಡಿ ರಸ್ತೆಯ ಮಟ್ಟಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದರೆ ಬಂಡೆಯನ್ನು ಕಡಿದು ಮಾಡಿದ ಅಂಗಳ. ನಡುವೆ ದುಂಡನೆಯ ನಂದಿ ಮಂಟಪ, ದಪ್ಪ ಕಂಬಗಳ ಮೇಲೆ ಬಿಚ್ಚಿಟ್ಟ ಕೊಡೆಯಂತೆ. ಹಿಂದೆ ಸಾಲುಗಂಬಗಳ ಗುಹೆ, ಒಳಗೆ ಕತ್ತಲಲ್ಲಿ ಲಿಂಗ. "ಇಷ್ಟು ದೊಡ್ಡ ಕಲ್ಲಿನ ಕೊಡೆಯನ್ನು ಮೇಲೆ ಹೇಗೆ ಏರಿಸಿದರೋ" ಎಂದು ನಮ್ಮ ಮನೆಯವರು ಬೆರಗಾದರು. ಏರಿಸಲೇ ಇಲ್ಲ. ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು, ಬೇಡವಾದ ಬಂಡೆಯನ್ನು ತೆಗೆದು, ಬೇಕಾದಷ್ಟನ್ನು ನಿಂತಲ್ಲೇ ಬಿಟ್ಟರು. ಮಂಟಪವೂ ಅಂಗಳವೂ ಗುಹೆಯೂ ಒಂದೇ ಬಂಡೆ. ಅದೂ ಬಾದಾಮಿಯ ಮರಳುಗಲ್ಲಲ್ಲ; ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಹರಿದು ಹೆಪ್ಪುಗಟ್ಟಿದ ಕಪ್ಪು ಬಸಾಲ್ಟು. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲಲ್ಲ. ಕೆಲಸ ಪೂರ್ತಿಯಾಗಿಲ್ಲವೆಂಬುದು ನೋಡಿದೊಡನೆ ತಿಳಿಯುತ್ತದೆ. ಉಳಿಯ ಗೆರೆಗಳು ಹಾಗೆಯೇ ಇವೆ.

ಇಂಥ ದೊರೆ ಕೊರೆಸಿದನೆಂದು ಹೇಳುವ ಶಾಸನ ಇಲ್ಲಿಲ್ಲ. ಶೈಲಿಯನ್ನು ನೋಡಿ ವಿದ್ವಾಂಸರು 8ನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು ಎನ್ನುತ್ತಾರೆ. ಎಲ್ಲೋರದ ಕೈಲಾಸವನ್ನು ಕೊರೆಸಿದ ಒಂದನೆಯ ಕೃಷ್ಣ ಆಳಿದ್ದು ಅದೇ ಶತಮಾನದಲ್ಲಿ. ಅವನ ಒಂದು ತಾಮ್ರಪಟ ಪುಣೆಗೆ ಸಮೀಪದ ತಳೇಗಾಂವ್ ಢಮಢೇರೆಯಲ್ಲಿ ಸಿಕ್ಕಿದೆ. ಶಕ 690, ಅಂದರೆ ಕ್ರಿ.ಶ. 768ರದು. ಹಳ್ಳಿಯೊಂದನ್ನು ದತ್ತಿಬಿಟ್ಟ ಆಜ್ಞೆ. ಆ ಹಳ್ಳಿ ಇದ್ದದ್ದು 'ಪೂನಕ ವಿಷಯ'ದಲ್ಲಿ. 'ವಿಷಯ'ವೆಂದರೆ ಅಂದಿನ ಜಿಲ್ಲೆ. ಪುಣೆಯ ಹೆಸರನ್ನು ಹೇಳುವ ಅತಿ ಹಳೆಯ ದಾಖಲೆಗಳಲ್ಲಿ ಇದೊಂದು.

ಆಜ್ಞೆ ಹೊರಟದ್ದು ಎಲ್ಲಿಂದ? ಆಗ ದೊರೆ ಗಂಗರ ಮೇಲೆ ದಂಡೆತ್ತಿ ಹೋಗಿ ಮಣ್ಣೆಯಲ್ಲಿ ಬೀಡುಬಿಟ್ಟಿದ್ದ. ಮಣ್ಣೆ ಎಂದರೆ ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದು ಗಂಗರ ರಾಜಧಾನಿ, ಇಂದು ಹಳ್ಳಿ. ಸಾಹೇಬರು ಪ್ರವಾಸದಲ್ಲಿದ್ದರೆ ಕಚೇರಿಯ ಕಾಗದದ ಮೇಲೆ 'ಕ್ಯಾಂಪ್' ಎಂದು ಊರಿನ ಹೆಸರು ಹಾಕುತ್ತೇವಲ್ಲ, ಹಾಗೆ ಇದೂ: ಕ್ಯಾಂಪ್ ಮಣ್ಣೆ, ವಿಷಯ ಪೂನಕ. ಶಹಾಜಿಗಿಂತ ಸುಮಾರು 870 ವರ್ಷ ಮೊದಲೇ ಬೆಂಗಳೂರಿನ ಕಡೆಯಿಂದ ಪುಣೆಯ ಕಡತ ವಿಲೇವಾರಿಯಾಗಿತ್ತು!

ಇಷ್ಟು ತಿಳಿದೊಡನೆ ಮಕ್ಕಳ ಮುಂದೆ 'ಪುಣೆ ನಮ್ಮದಾಗಿತ್ತು' ಎಂದು ಎದೆ ತಟ್ಟಿಕೊಳ್ಳುವ ಆಸೆಯಾಗುತ್ತದೆ. ಅದು ಬೇಡ. ತಾಮ್ರಪಟದ ಭಾಷೆ ಸಂಸ್ಕೃತ. ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಕನ್ನಡಕ್ಕೆ ಆಶ್ರಯ ಕೊಟ್ಟ, 'ಕವಿರಾಜಮಾರ್ಗ' ಹುಟ್ಟಿದ ಆ ರಾಜವಂಶದವರು ತಮ್ಮನ್ನು ಕರೆದುಕೊಂಡದ್ದು ಲತ್ತಲೂರಿನ ಒಡೆಯರೆಂದು. ಅದು ಇಂದಿನ ಮಹಾರಾಷ್ಟ್ರದ ಲಾತೂರು. ಅವರು ಆಮೇಲೆ ರಾಜಧಾನಿ ಮಾಡಿಕೊಂಡ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈಗಿನ ಗಡಿಯ ಗೆರೆಯನ್ನು ಹಿಡಿದುಕೊಂಡು ಅವರ ಮನೆಯನ್ನು ಪಾಲು ಮಾಡಲು ಹೊರಟರೆ ಎರಡು ಕಡೆಯವರಿಗೂ ಅರ್ಧ ಮನೆಯೇ ಸಿಗುವುದು. ಆದರೆ ಶಾಲೆಯಲ್ಲಿ ಯಾರಾದರೂ 'ನೀವು ಹೊರಗಿನವರು' ಎಂದಾಗ ನಮ್ಮ ಮಕ್ಕಳು ತಲೆತಗ್ಗಿಸಬೇಕಾದದ್ದೂ ಇಲ್ಲ. ಅವರನ್ನು ಒಂದು ದಿನ ಈ ಮೆಟ್ಟಿಲುಗಳನ್ನು ಇಳಿಸಿದರೆ ಸಾಕು.

ಫರ್ಗ್ಯುಸನ್ ಕಾಲೇಜು ತಲಪುವಾಗ ಬಿಸಿಲು ಇಳಿದಿತ್ತು. 1885ರಲ್ಲಿ ಸ್ಥಾಪನೆಯಾದ ಈ ಕಾಲೇಜಿಗೆ ಉತ್ತರ ಕರ್ನಾಟಕದ ಹುಡುಗರು ಬರುತ್ತಿದ್ದುದಕ್ಕೆ ಕಾರಣ ಸರಳ: 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೂ ಅವರ ಕಡೆ ಕಾಲೇಜೇ ಇರಲಿಲ್ಲ. ಹಾಗೆ 1913ರಲ್ಲಿ ಮೆಟ್ರಿಕ್ ಮುಗಿಸಿ ಇಲ್ಲಿಗೆ ಬಂದು, 1918ರಲ್ಲಿ ಬಿ.ಎ. ಪಡೆದು ಧಾರವಾಡಕ್ಕೆ ಹಿಂದಿರುಗಿದವರಲ್ಲಿ ದ. ರಾ. ಬೇಂದ್ರೆಯವರೊಬ್ಬರು. ಅವರ ಮನೆಮಾತು ಮರಾಠಿ.