ಮದುವೆಗೊಂದು ಲಿಖಿತ ಅನುಮತಿ

ಗೆಳತಿಯೊಬ್ಬಳು ತನ್ನ ಮದುವೆಗೆಂದು 12 ದಿನ ರಜೆ ಕೇಳಿದ್ದಾಳೆ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ, ಲಗ್ನಪತ್ರಿಕೆ ಅಚ್ಚಾಗಿದೆ. ರಜೆ ಮಾತ್ರ ಮಂಜೂರಾಗಿಲ್ಲ. ಅವಳ ಗೊಣಗಾಟ ಕೇಳುವಾಗ ನನಗೆ ನೆನಪಾದದ್ದು 1961ರ ಒಂದು ನಿಯಮ.

ಭಾರತೀಯ ವಿದೇಶಾಂಗ ಸೇವೆಯ ನಡತೆ ನಿಯಮ 8(2)ರಂತೆ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಆಮೇಲೂ, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸಿಗೂ ಸಂಸಾರವಿರುತ್ತದೆ ಎಂಬುದು ನಿಯಮ ಬರೆದವರಿಗೆ ಹೊಳೆದಂತಿಲ್ಲ.

ಇದನ್ನು ಪ್ರಶ್ನಿಸಿದವರು ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ, 1949ರಲ್ಲಿ ಆ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಸೇರುವಾಗಲೇ ಅವರಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಸುಮಾರು 30 ವರ್ಷ ದುಡಿದ ಮೇಲೆ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ತೀರ್ಪು ಬರುವಷ್ಟರಲ್ಲಿ ಸರ್ಕಾರವೇ ಬಡ್ತಿ ಕೊಟ್ಟಿದ್ದರಿಂದ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನಿಯಮದ ತಾರತಮ್ಯವನ್ನು ಬಿಡಿಸಿಟ್ಟು, ಸೇವಾ ನಿಯಮಗಳನ್ನೆಲ್ಲ ತಿದ್ದಬೇಕೆಂದರು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮುಂದೆ ಓದಿದರೆ 1981ರ ಏರ್ ಇಂಡಿಯಾ ಗಗನಸಖಿಯರ ಮೊಕದ್ದಮೆ ಸಿಕ್ಕಿತು. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಅದೇ ಕೋರ್ಟು ಹೊಡೆದುಹಾಕಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬುದನ್ನು ಮಾತ್ರ ಸರಿಯೆಂದಿತು. ಎರಡು ವರ್ಷಗಳಲ್ಲಿ ಇಷ್ಟು ಹಿಂದೆ ಸರಿದದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಸಂಜೆ ಗೆಳತಿಯ ಫೋನು ಬಂತು. ಎಂಟು ದಿನ ಕೊಟ್ಟಿದ್ದಾರಂತೆ.