ಎರಡು ವಿರಾಮ, ಒಂದೇ ಲೋಪ

1947ರ ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ಹೈದರಾಬಾದಿನ ನಿಜಾಮನಿಗೂ ಒಂದು ವರ್ಷದ ಅವಧಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಹೆಸರಿಗೆ ಅದು ಕದನವಿರಾಮವಲ್ಲದಿದ್ದರೂ ಮಾಡಿದ ಕೆಲಸ ಅದೇ: ಎರಡು ಸೈನ್ಯಗಳನ್ನು ದೂರವಿಟ್ಟಿತು. ಆದರೆ ಸಂಸ್ಥಾನದೊಳಗೆ ಆಗಲೇ ಕಲಹ ಹೊತ್ತಿಕೊಂಡಿತ್ತು. ನಿಜಾಮನ ಪರ ನಿಂತ ಖಾಸಿಂ ರಜ್ವಿಯ ರಜಾಕಾರರು, ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್, ತೆಲಂಗಾಣದ ಕಮ್ಯುನಿಸ್ಟ್ ದಳಗಳು, ಇವರಾರೂ ಸಹಿ ಹಾಕಿದವರಲ್ಲ. ಸಂಸ್ಥಾನದ ಒಳಗಿನ ಶಾಂತಿ ಕಾಯಲು ಸೇನೆ ಕಳಿಸುವ ಹೊಣೆಯಾಗಲಿ ಹಕ್ಕಾಗಲಿ ಭಾರತಕ್ಕಿಲ್ಲವೆಂದು ಒಪ್ಪಂದದಲ್ಲೇ ಬರೆದಿತ್ತು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗರು ಇದಕ್ಕೆ ಬೆಲೆ ತೆತ್ತರು. 1948ರ ಮೇ 9ರಂದು ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರ ಹತ್ಯಾಕಾಂಡ ನಡೆದದ್ದು ಒಪ್ಪಂದ ಜಾರಿಯಲ್ಲಿದ್ದಾಗಲೇ. ಗಡಿಯಾಚೆ ಮುಂಡರಗಿಯಂಥ ಕಡೆ ಪ್ರತಿರೋಧದ ಶಿಬಿರಗಳು ಎದ್ದವು. ಅತ್ತ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಕರಾಚಿಯಿಂದ ನಿಜಾಮನಿಗೆ ಕದ್ದುಮುಚ್ಚಿ ಆಯುಧ ಸಾಗಿಸುತ್ತಿದ್ದ.

ಎರಡನೆಯ ವಿರಾಮ 1948ರ ಸೆಪ್ಟೆಂಬರ್ 17ರದ್ದು. 13ರಂದು ಭಾರತ ಸೇನೆ ಆರಂಭಿಸಿದ ‘ಪೊಲೀಸ್ ಕಾರ್ಯಾಚರಣೆ’ ಐದೇ ದಿನಕ್ಕೆ ನಿಜಾಮನ ಕದನವಿರಾಮ ಘೋಷಣೆಯೊಂದಿಗೆ ಮುಗಿಯಿತು; ಮರುದಿನ ನಿಜಾಮನ ಸೇನಾಪತಿ ಎಲ್ ಎದ್ರೂಸ್ ಭಾರತ ಸೇನೆಯ ಜೆ.ಎನ್. ಚೌಧುರಿಯವರಿಗೆ ಶರಣಾದ. ಬಂದೂಕು ನಿಂತರೂ ಸೇಡು ನಿಲ್ಲಲಿಲ್ಲ. ಈ ಬಾರಿ ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಕನಿಷ್ಠ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇದ್ದವು. ಕೊಂದವರು, ಸತ್ತವರು ಬದಲಾದರು; ಲೋಪ ಮಾತ್ರ ಹಳೆಯದೇ. ವಿರಾಮ ಸೈನ್ಯಗಳಿಗಷ್ಟೇ ಅನ್ವಯಿಸಿತು, ಹಳ್ಳಿಯನ್ನು ಕಾಯುವ ಹೊಣೆ ಯಾರ ಮೇಲೂ ಬೀಳಲಿಲ್ಲ.

ಕಾಶ್ಮೀರದ ಯುದ್ಧ, ಪಂಜಾಬಿನ ನಿರಾಶ್ರಿತರ ನಡುವೆ ದೆಹಲಿಗೆ 1947ರಲ್ಲಿ ಬೇರೆ ದಾರಿ ಎಲ್ಲಿತ್ತು ಎಂದು ಕೇಳಬಹುದು. ನಿಜ, ಕಾಲಾವಕಾಶ ಬೇಕಿತ್ತು. ಆದರೆ ಆ ಅವಕಾಶ ಆಯುಧ ಕೂಡಿಸುವವರಿಗೂ ಸಿಕ್ಕಿತು. ಕಾವಲಿಟ್ಟರೂ ವಿರಾಮ ಮುರಿಯುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. ಶ್ರೀಲಂಕಾದ ಅಂತರ್ಯುದ್ಧದಲ್ಲಿ 2002ರ ಕದನವಿರಾಮ ಒಪ್ಪಂದಕ್ಕೆ ನಾರ್ಡಿಕ್ ದೇಶಗಳ ವೀಕ್ಷಕರಿದ್ದರು. 2008ರ ಜನವರಿಯಲ್ಲಿ ಅದು ರದ್ದಾಯಿತು. ಆದರೂ ಮೊದಲ ಕೆಲವು ವರ್ಷ ಅಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ. ಉಲ್ಲಂಘನೆಯನ್ನು ದಾಖಲಿಸುವ ಅಧಿಕಾರವಿದ್ದ ವೀಕ್ಷಕರಿಗೆ ಅದನ್ನು ತಡೆಯುವ ಅಧಿಕಾರವಿರಲಿಲ್ಲ ಎಂಬುದೇ ಅಲ್ಲಿನ ಕೊರತೆ. ಆದ್ದರಿಂದ ಅಂತರ್ಯುದ್ಧದ ಕದನವಿರಾಮವನ್ನು ಅಳೆಯಬೇಕಾದದ್ದು ಸಹಿಗಳಿಂದಲ್ಲ; ಆಯುಧವಿಲ್ಲದವನ ಮನೆ ಕಾಯುವವರು ಯಾರೆಂದು ಅದರಲ್ಲಿ ಬರೆದಿದೆಯೇ ಎಂಬುದರಿಂದ. ಹೈದರಾಬಾದಿನ ಎರಡು ವಿರಾಮಗಳೂ ಈ ಅಳತೆಯಲ್ಲಿ ಸೋತವು.